ಬೆರಳಿಗೆ ಶಾಯಿ ಇದೆ, ನೋಟಿಗೆ ಇಲ್ಲ

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಮತಗಟ್ಟೆಯ ಮತದಾರರ ಪಟ್ಟಿಯನ್ನು ಪ್ರಿಂಟ್ ಹಾಕಿಸಿಕೊಂಡು ಬೀದಿಗಿಳಿದೆ. ಜೊತೆಗೆ ಎದುರು ಮನೆಯ ನಿವೃತ್ತ ಮೇಷ್ಟ್ರು, ಅವರ ಮೊಮ್ಮಗಳು. ಮೈಸೂರಿನ ಶ್ರೀರಾಂಪುರದ ನಮ್ಮದೊಂದು ಬೀದಿ, ಎರಡು ಅಡ್ಡರಸ್ತೆ, ಅಷ್ಟನ್ನು ಮುಗಿಸಿದರೆ ಸಾಕು ಎಂದು ಹೊರಟಿದ್ದು. ಟಿ.ವಿ.ಯಲ್ಲಿ, ಪತ್ರಿಕೆಯಲ್ಲಿ, ಲಿಂಗಾಂಬುಧಿ ಕೆರೆಯ ಬೆಳಗಿನ ವಾಕಿಂಗಿನಲ್ಲಿ ಕಿವಿಗೆ ಬೀಳುತ್ತಿರುವುದು ಒಂದೇ ಮಾತು: ಮತಗಳ್ಳತನ. ಹಾಗಾದರೆ ಬೀದಿಯಲ್ಲಿ ಇಲ್ಲದವರು ನಮ್ಮ ಪಟ್ಟಿಯಲ್ಲಿ ಎಷ್ಟು ಜನ ಇದ್ದಾರೆ, ನಾವೇ ನೋಡಿಬಿಡೋಣ ಎಂದುಕೊಂಡೆವು.

ಇದ್ದರು. ಮೂರನೇ ಮನೆಯ ಅಜ್ಜಿ ತೀರಿಕೊಂಡು ವರ್ಷ ದಾಟಿದೆ, ಪಟ್ಟಿಯಲ್ಲಿ ಫೋಟೊ ಸಮೇತ ಕೂತಿದ್ದಾರೆ. ಮೇಲಿನ ಮಹಡಿಯ ಬಾಡಿಗೆದಾರರು ಬೆಂಗಳೂರಿಗೆ ಹೋದರು, ಹೆಸರು ಇಲ್ಲೇ ಉಳಿಯಿತು. ಮದುವೆಯಾಗಿ ನಂಜನಗೂಡಿಗೆ ಹೋದ ಹೆಣ್ಣುಮಗಳು ಅಲ್ಲೂ ಇದ್ದಾಳೆ, ಇಲ್ಲೂ ಇದ್ದಾಳೆ. ಒಂದು ಸಂಸಾರದ ಅರ್ಧ ಜನ ಗ್ರಾಮ ಪಂಚಾಯಿತಿ ಕಾಲದ ಮನೆ ನಂಬರಿನಲ್ಲಿ, ಉಳಿದರ್ಧ ಹೊಸ ನಂಬರಿನಲ್ಲಿ. ಇವರಲ್ಲಿ ಯಾರೂ ಯಾರ ಮತವನ್ನೂ ಕದ್ದವರಲ್ಲ. ಹೆಸರು ತೆಗೆಸಲು ಯಾರೂ ಅರ್ಜಿ ಕೊಟ್ಟಿಲ್ಲ, ಕೇಳಲು ಯಾರೂ ಬಂದಿಲ್ಲ, ಅಷ್ಟೆ.

ನನ್ನನ್ನು ತಡೆದು ನಿಲ್ಲಿಸಿದ್ದು ಮೂಲೆ ಮನೆಯ ಅಕ್ಕ. ಬಾಗಿಲು ತೆಗೆದವರು ನಮ್ಮ ಕೈಯಲ್ಲಿದ್ದ ಪಟ್ಟಿಯನ್ನು ನೋಡಿದ್ದೇ, "ಎಲೆಕ್ಷನ್ ಬಂತಾ ಸಾರ್? ನಮ್ಮನೇಲಿ ಈಗ ಐದು ವೋಟು, ಮಗನಿಗೂ ಆಯ್ತು" ಎಂದರು. ನಮಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಪಟ್ಟಿ ಹಿಡಿದು, ಹೆಸರಿಗೆ ಟಿಕ್ ಹಾಕುತ್ತಾ ಮನೆಗೆ ಬರುವವರನ್ನು ಅವರು ಕಂಡಿರುವುದು ಮತಕ್ಕೆ ದುಡ್ಡಿನ ಕವರ್ ಹಂಚುವ ರಾತ್ರಿ ಮಾತ್ರ. "ಇಲ್ಲಮ್ಮ, ಹೆಸರು ಸರಿಯಾಗಿದೆಯಾ ಅಂತ ನೋಡೋಕೆ ಬಂದ್ವಿ" ಎಂದು ಮೇಷ್ಟ್ರು ಹೇಳಿದಾಗ ಆ ಅಕ್ಕ ತಲೆ ತಗ್ಗಿಸಿದರು. ತಲೆ ತಗ್ಗಿಸಬೇಕಾದವರು ಅವರೊಬ್ಬರೇ ಆಗಿರಲಿಲ್ಲ.

ಈ ವಾರ ಬರೆಯಬೇಕೆಂದುಕೊಂಡದ್ದು ಇದನ್ನೇ. ಚುನಾವಣೆಯನ್ನು ಹಾಳು ಮಾಡುತ್ತಿರುವುದು ಪಟ್ಟಿಯ ಕಳ್ಳತನವೋ ಕವರಿನ ವ್ಯಾಪಾರವೋ? ಎರಡನ್ನೂ ತಕ್ಕಡಿಗೆ ಹಾಕಿ ನೋಡಲೇಬೇಕು. ಒಂದರ ಬಗ್ಗೆ ದೇಶವೇ ಕೂಗಾಡುತ್ತಿದೆ, ಇನ್ನೊಂದರ ಬಗ್ಗೆ ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದಾರೆ.

ಮೊದಲು ಪಟ್ಟಿ. 2025ರ ಆಗಸ್ಟ್ 7ರಂದು ರಾಹುಲ್ ಗಾಂಧಿ ದೆಹಲಿಯಲ್ಲಿ ಪತ್ರಿಕಾಗೋಷ್ಠಿ ನಡೆಸಿ ಬೆಂಗಳೂರಿನ ಮಹದೇವಪುರವನ್ನು ದೇಶದ ಮುಂದಿಟ್ಟರು. 2024ರ ಲೋಕಸಭಾ ಚುನಾವಣೆಯಲ್ಲಿ ಆ ಒಂದು ವಿಧಾನಸಭಾ ಕ್ಷೇತ್ರದ ಪಟ್ಟಿಯಲ್ಲಿ 1,00,250 ಅಕ್ರಮ ಮತಗಳಿದ್ದವು ಎಂಬುದು ಆರೋಪ. ಒಂದೇ ವ್ಯಕ್ತಿಯ ಹೆಸರು ಹಲವು ಸಲ, ಇಲ್ಲದ ವಿಳಾಸ, ಒಂದೇ ಪುಟ್ಟ ಕೋಣೆಯಲ್ಲಿ ಎಂಬತ್ತು ಮತದಾರರು, ಗುರುತೇ ಸಿಗದ ಫೋಟೊ, ಹೊಸ ಮತದಾರರ ನಮೂನೆ 6ರ ದುರ್ಬಳಕೆ. ಮಹದೇವಪುರವೂ ಸೇರಿದ ಬೆಂಗಳೂರು ಸೆಂಟ್ರಲ್ ಲೋಕಸಭಾ ಕ್ಷೇತ್ರದಲ್ಲಿ ಬಿಜೆಪಿಯ ಪಿ.ಸಿ. ಮೋಹನ್ ಗೆದ್ದದ್ದು 32,707 ಮತಗಳಿಂದ. ಮಹದೇವಪುರ ಒಂದರಲ್ಲೇ ಅವರಿಗೆ ಸಿಕ್ಕ ಮುನ್ನಡೆ 1,14,046. ಈ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟರೆ ಯಾರಿಗಾದರೂ ಅನುಮಾನ ಬರುತ್ತದೆ. ಬರಲೇಬೇಕು.

ಆದರೆ ಅನುಮಾನಕ್ಕೂ ರುಜುವಾತಿಗೂ ನಡುವೆ ಒಂದು ಹೊಳೆ ಇದೆ. ಪಟ್ಟಿಯಲ್ಲಿ ಹೆಸರಿರುವುದು ಒಂದು ಸಂಗತಿ, ಆ ಹೆಸರಿನಲ್ಲಿ ಯಾರೋ ಬಂದು ಮತ ಹಾಕಿ ಹೋದದ್ದು ಇನ್ನೊಂದು ಸಂಗತಿ. ನಮ್ಮ ಬೀದಿಯ ಅಜ್ಜಿಯ ಹೆಸರು ಪಟ್ಟಿಯಲ್ಲಿದೆ ಎಂದಮಾತ್ರಕ್ಕೆ ಅವರ ಮತವನ್ನು ಯಾರೋ ಹಾಕಿದ್ದಾರೆ ಎಂದಾಗುವುದಿಲ್ಲ. ಹಾಕಿದ್ದಾರೆಯೇ ಎಂದು ತಿಳಿಯಲು ಒಂದೇ ದಾರಿ. ಮತಗಟ್ಟೆಯಲ್ಲಿ ನಾವು ಸಹಿ ಹಾಕುತ್ತೇವಲ್ಲ, ನಮೂನೆ 17ಎ ಎಂಬ ಆ ರಿಜಿಸ್ಟರನ್ನು ತೆರೆದು ನೋಡಬೇಕು. ಅದು ಮೊಹರಿನಲ್ಲಿರುತ್ತದೆ, ನ್ಯಾಯಾಲಯ ಹೇಳಿದರೆ ಮಾತ್ರ ತೆರೆಯುತ್ತದೆ. ನ್ಯಾಯಾಲಯಕ್ಕೆ ಹೋಗಲು ಫಲಿತಾಂಶದಿಂದ 45 ದಿನಗಳ ಗಡುವು. ಪತ್ರಿಕಾಗೋಷ್ಠಿ ನಡೆದದ್ದು ಆ ಗಡುವು ಮುಗಿದು ವರ್ಷದ ಮೇಲೆ.

ಚುನಾವಣಾ ಆಯೋಗ ಕೊಟ್ಟ ಉತ್ತರವನ್ನೂ ನಾನು ಒಪ್ಪಲಾರೆ. ಸಹಿ ಹಾಕಿ ಪ್ರಮಾಣ ಮಾಡಿ ಕೊಡಿ, ಇಲ್ಲವೇ ಕ್ಷಮೆ ಕೇಳಿ ಎಂದಿತು ಆಯೋಗ. ಪಟ್ಟಿ ಆಯೋಗದ್ದು. ಅದರಲ್ಲಿ ತಪ್ಪಿದೆ ಎಂದು ದಾರಿಹೋಕ ಹೇಳಿದರೂ ಹೋಗಿ ನೋಡುವುದು ಅದರ ಕೆಲಸ. ಅದೂ ಅಲ್ಲದೆ, ಆಯೋಗ ಪಕ್ಷಗಳಿಗೆ ಕೊಡುವ ಪಟ್ಟಿ ಕಂಪ್ಯೂಟರಿನಲ್ಲಿ ಹುಡುಕಲು ಬರುವಂಥದ್ದಲ್ಲ, ಪುಟಪುಟವೂ ಚಿತ್ರ. ಹುಡುಕಲು ಬರುವ ಪಟ್ಟಿಯನ್ನು ಕೊಡಬೇಕೆಂಬ ಕೋರಿಕೆಯನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಒಪ್ಪಲಿಲ್ಲ. ಮತಗಟ್ಟೆಯ ವಿಡಿಯೊವನ್ನು ಜನರು ಕೇಳಿ ಪಡೆಯದಂತೆ 2024ರ ಡಿಸೆಂಬರಿನಲ್ಲಿ ನಿಯಮ ಬದಲಾಯಿತು. ಕೇಸು ಇಲ್ಲದಿದ್ದರೆ 45 ದಿನಗಳ ನಂತರ ವಿಡಿಯೊ ಅಳಿಸಬಹುದೆಂದು 2025ರಲ್ಲಿ ಸೂಚನೆ ಬಂತು. ದಾಖಲೆ ಕೊಡಿ ಎಂದು ಕೇಳುವವರೇ ದಾಖಲೆಯ ಬಾಗಿಲು ಮುಚ್ಚಿದರೆ ಜನ ಯಾರನ್ನು ನಂಬಬೇಕು?

ಮಹದೇವಪುರ ಹೀಗೆ ಅರ್ಧಕ್ಕೇ ನಿಂತಿತು. ಆಳಂದ ನಿಲ್ಲಲಿಲ್ಲ. ಕಲಬುರಗಿ ಜಿಲ್ಲೆಯ ಆ ಕ್ಷೇತ್ರವನ್ನು ಪ್ರತಿಯೊಬ್ಬ ಮತದಾರನೂ ಗಮನಿಸಬೇಕು. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಮತಗಟ್ಟೆ ಅಧಿಕಾರಿಯೊಬ್ಬರು ತಮ್ಮ ಬಂಧುವಿನ ಹೆಸರನ್ನು ತೆಗೆಯಬೇಕೆಂದು ಅರ್ಜಿ ಬಂದಿರುವುದನ್ನು ನೋಡಿದರು. ಯಾರ ಹೆಸರಿನಲ್ಲಿ ಅರ್ಜಿ ಬಂದಿತ್ತೋ ಅವರನ್ನು ಕೇಳಿದರೆ, ನಾನು ಕೊಟ್ಟೇ ಇಲ್ಲ ಎಂದರು. ಎಳೆ ಹಿಡಿದು ಎಳೆದಾಗ ಅಂಥ 6,018 ಆನ್‌ಲೈನ್ ಅರ್ಜಿಗಳು ಹೊರಬಿದ್ದವು. ಮನೆಮನೆಗೆ ಹೋಗಿ ನೋಡಿದಾಗ ಅವುಗಳಲ್ಲಿ ನಿಜವಾದವು 24 ಮಾತ್ರ. ಉಳಿದ 5,994 ಅರ್ಜಿಗಳನ್ನು ತಿರಸ್ಕರಿಸಿದರು. 2023ರ ಫೆಬ್ರುವರಿಯಲ್ಲಿ ಎಫ್‌ಐಆರ್ ಆಯಿತು, ಸಿಐಡಿ ಬಂತು, 2025ರ ಸೆಪ್ಟೆಂಬರಿನಲ್ಲಿ ಎಸ್‌ಐಟಿ ಬಂತು. ಅಲ್ಲಿನ ಕಾಂಗ್ರೆಸ್ ಅಭ್ಯರ್ಥಿ ಬಿ.ಆರ್. ಪಾಟೀಲರು 2018ರಲ್ಲಿ ಸೋತದ್ದು 697 ಮತಗಳಿಂದ ಎಂಬುದನ್ನು ನೆನೆದರೆ ಆರು ಸಾವಿರದ ತೂಕ ಗೊತ್ತಾಗುತ್ತದೆ. ಆ ಅರ್ಜಿಗಳು ಸದ್ದಿಲ್ಲದೆ ಪಾಸಾಗಿದ್ದರೆ? ಕೊನೆಗೆ 2023ರಲ್ಲಿ ಪಾಟೀಲರು 10,348 ಮತಗಳಿಂದ ಗೆದ್ದರು. ಆದರೆ ಗೆಲುವು ಸೋಲು ಹೇಗೇ ಇರಲಿ, ಅಪರಾಧಕ್ಕೆ ಕೈ ಹಾಕಿದ್ದಂತೂ ಹೌದು.

ತನಿಖೆಯಿಂದ ವರದಿಯಾದ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಹೆಸರು ತೆಗೆಸುವ ಒಂದೊಂದು ಅರ್ಜಿಗೂ 80 ರೂಪಾಯಿ ಕೊಡಲಾಗಿತ್ತಂತೆ. ಲೆಕ್ಕ ಹಾಕಿದರೆ ಆರು ಸಾವಿರ ಅರ್ಜಿಗೆ ಸುಮಾರು 4.8 ಲಕ್ಷ. ಇದು ನ್ಯಾಯಾಲಯದಲ್ಲಿ ಸಾಬೀತಾಗಬೇಕು, ಸರಿ. ಸಾಬೀತಾದರೆ ಗೊತ್ತಾಗುವುದು ಇಷ್ಟು: ಪಟ್ಟಿಯ ಕಳ್ಳತನಕ್ಕೂ ದುಡ್ಡೇ ಬೇಕು. ಒಬ್ಬನ ಮತವನ್ನು ಕೊಳ್ಳುವುದಕ್ಕಿಂತ ಅಳಿಸುವುದು ಅಗ್ಗ.

ಇದೇನೂ ನಮ್ಮ ರಾಜ್ಯಕ್ಕೆ ಹೊಸದಲ್ಲ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಜಾಲಹಳ್ಳಿಯ ಫ್ಲ್ಯಾಟೊಂದರಲ್ಲಿ 9,746 ಮತದಾರರ ಗುರುತಿನ ಚೀಟಿಗಳು ಸಿಕ್ಕವು, ರಾಜರಾಜೇಶ್ವರಿನಗರದ ಮತದಾನವೇ ಮುಂದಕ್ಕೆ ಹೋಯಿತು. 2022ರ ನವೆಂಬರಿನಲ್ಲಿ ಚಿಲುಮೆ ಎಂಬ ಸಂಸ್ಥೆಯ ಜನ ಮತಗಟ್ಟೆ ಅಧಿಕಾರಿಗಳ ವೇಷದಲ್ಲಿ ಮನೆಮನೆಯ ಮಾಹಿತಿ ಕಲೆಹಾಕಿದ ಪ್ರಕರಣ ಬಯಲಾಯಿತು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರದ ಪಟ್ಟಿಗಳನ್ನು ಮತ್ತೆ ಪರಿಶೀಲಿಸಲು ಆಯೋಗ ಆದೇಶಿಸಿತು, ಇಬ್ಬರು ಐಎಎಸ್ ಅಧಿಕಾರಿಗಳು ಅಮಾನತಾದರು. ಎರಡು ಕಾಲದಲ್ಲೂ ಸರ್ಕಾರ ಬೇರೆ ಬೇರೆ ಪಕ್ಷದ್ದು.

ಮೋಸದ ಆರೋಪ ಕೇಳಿದಾಗ ನಾನು ಮೊದಲು ನೋಡುವುದು ಅಂತರವನ್ನು. ಸಂತೇಮರಹಳ್ಳಿಯಲ್ಲಿ 2004ರಲ್ಲಿ ಎ.ಆರ್. ಕೃಷ್ಣಮೂರ್ತಿಯವರು ಆರ್. ಧ್ರುವನಾರಾಯಣ ಅವರೆದುರು ಸೋತದ್ದು ಒಂದೇ ಮತದಿಂದ. ಜಯನಗರದಲ್ಲಿ 2023ರ ಅಂತರ 16. ಮಾಲೂರಿನಲ್ಲಿ ಅದೇ ವರ್ಷ 248. ಮಾಲೂರಿನ ಮತ ಎಣಿಕೆಯ ವಿಡಿಯೊ ಹಾಜರುಪಡಿಸಲು ಆಗದೆ ಹೋದದ್ದರಿಂದ 2025ರ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಆಯ್ಕೆಯನ್ನೇ ಅಸಿಂಧುಗೊಳಿಸಿ ಮರುಎಣಿಕೆಗೆ ಹೇಳಿತು. ಮುಂದೆ ಸುಪ್ರೀಂ ಕೋರ್ಟ್ ಅಸಿಂಧು ಆದೇಶಕ್ಕೆ ತಡೆ ಕೊಟ್ಟು, ಮರುಎಣಿಕೆಗೆ ಒಪ್ಪಿ, ಫಲಿತಾಂಶವನ್ನು ಮುಚ್ಚಿದ ಲಕೋಟೆಯಲ್ಲಿ ಕೇಳಿತು. ಇಂಥ ಕಡೆ ಹತ್ತು ಕಳ್ಳಮತವೂ ಶಾಸಕನನ್ನು ಬದಲಿಸಬಲ್ಲದು. ನಮ್ಮ ಚಾಮುಂಡೇಶ್ವರಿ ಕ್ಷೇತ್ರದಲ್ಲಿ 2018ರಲ್ಲಿ ಜಿ.ಟಿ. ದೇವೇಗೌಡರು ಸಿದ್ದರಾಮಯ್ಯನವರನ್ನು ಸೋಲಿಸಿದ್ದು 36,042 ಮತಗಳಿಂದ. ಸತ್ತ ಅಜ್ಜಂದಿರ ಹೆಸರಿನಿಂದ ಇಷ್ಟು ದೊಡ್ಡ ಅಂತರ ಹುಟ್ಟುವುದಿಲ್ಲ.

ಅದೇ ಚಾಮುಂಡೇಶ್ವರಿಯಲ್ಲಿ 2006ರ ಡಿಸೆಂಬರಿನ ಉಪಚುನಾವಣೆಯನ್ನು ಕಂಡವರು ಈಗಲೂ ಮರೆತಿಲ್ಲ. ಜೆಡಿಎಸ್ ಬಿಟ್ಟು ಕಾಂಗ್ರೆಸ್ ಸೇರಿದ ಸಿದ್ದರಾಮಯ್ಯ ಒಂದು ಕಡೆ, ಮುಖ್ಯಮಂತ್ರಿ ಕುಮಾರಸ್ವಾಮಿಯವರ ಸರ್ಕಾರದ ಬಲ ಹೊತ್ತ ಶಿವಬಸಪ್ಪ ಇನ್ನೊಂದು ಕಡೆ. ಹಳ್ಳಿಹಳ್ಳಿಗೆ ಸಚಿವರು, ಬೀದಿಬೀದಿಗೆ ಕಾರು. ಸಿದ್ದರಾಮಯ್ಯ ಗೆದ್ದದ್ದು 257 ಮತಗಳಿಂದ. ಆ ಚುನಾವಣೆಯ ಬಗ್ಗೆ ನಮ್ಮ ಸುತ್ತಿನ ಹಿರಿಯರನ್ನು ಕೇಳಿ ನೋಡಿ. ಕಳ್ಳಮತದ ಕಥೆ ಹೇಳುವವರು ಅಪರೂಪ. ಹಂಚಿದ್ದರ ಕಥೆ ಹೇಳುವವರು ಮನೆಗೊಬ್ಬರು.

ಈಗ ಕವರಿಗೆ ಬರೋಣ.

ವಿಧಾನಸಭೆಗೆ ನಿಲ್ಲುವ ಅಭ್ಯರ್ಥಿ ಮಾಡಬಹುದಾದ ವೆಚ್ಚದ ಮಿತಿ 40 ಲಕ್ಷ ರೂಪಾಯಿ. 2022ರ ಜನವರಿಯಲ್ಲಿ ಇಷ್ಟಕ್ಕೆ ಏರಿಸಿದರು. ಲೋಕಸಭೆಗೆ 95 ಲಕ್ಷ. 2023ರಲ್ಲಿ ರಾಜ್ಯದ ಮತದಾರರು ಸುಮಾರು 5.3 ಕೋಟಿ, ಕ್ಷೇತ್ರ 224. ಭಾಗಿಸಿದರೆ ಕಾನೂನು ಒಪ್ಪುವ ಖರ್ಚು ಒಬ್ಬ ಮತದಾರನಿಗೆ ಹದಿನೇಳು ರೂಪಾಯಿ ಆಸುಪಾಸು. ಅದರಲ್ಲೇ ಮೈಕು, ಶಾಮಿಯಾನ, ಬಾವುಟ, ಕಾರಿನ ಡೀಸೆಲ್, ಕಾರ್ಯಕರ್ತರ ಊಟ ಎಲ್ಲ. ಹದಿನೇಳು ರೂಪಾಯಿಗೆ ನಮ್ಮ ಸರ್ಕಲ್ಲಿನ ಹೋಟೆಲಿನಲ್ಲಿ ಒಂದು ಇಡ್ಲಿ ಬಂದರೆ ಹೆಚ್ಚು. ಮೂಲೆ ಮನೆಯ ಅಕ್ಕ ಐದು ವೋಟಿಗೆ ಲೆಕ್ಕ ಹಾಕಿದ್ದು ಹದಿನೇಳರಂತೆ ಅಲ್ಲ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಗೆದ್ದವರೂ ಸೋತವರೂ ಫಲಿತಾಂಶವಾದ 30 ದಿನದೊಳಗೆ ಖರ್ಚಿನ ಲೆಕ್ಕ ಒಪ್ಪಿಸುತ್ತಾರೆ. ಆ ಕಾಗದದಲ್ಲಿ ಕವರು ಇರುವುದಿಲ್ಲ, ಕುಕ್ಕರ್ ಇರುವುದಿಲ್ಲ, ಬಾಡೂಟ ಇರುವುದಿಲ್ಲ.

2023ರ ವಿಧಾನಸಭಾ ಚುನಾವಣೆಯಲ್ಲಿ ಮತದಾನದ ಹಿಂದಿನ ದಿನದವರೆಗೆ ರಾಜ್ಯದಲ್ಲಿ ವಶಪಡಿಸಿಕೊಂಡ ನಗದು, ಮದ್ಯ, ಚಿನ್ನ, ಉಡುಗೊರೆ, ಮಾದಕ ವಸ್ತು ಸೇರಿ 375 ಕೋಟಿ ರೂಪಾಯಿ ಎಂದು ಆಯೋಗವೇ ಹೇಳಿತು. ನಗದು ಒಂದೇ 147 ಕೋಟಿ. 2018ರಲ್ಲಿ ಒಟ್ಟು ಸಿಕ್ಕದ್ದು ಸುಮಾರು 84 ಕೋಟಿ. ಹಿಡಿದ ಚಿನ್ನವೆಲ್ಲ ಚುನಾವಣೆಯದ್ದೇ ಎಂದು ನಾನು ಹೇಳುವುದಿಲ್ಲ, ಮದುವೆಯ ಒಡವೆ ಸಾಗಿಸುವವರೂ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬಿದ್ದಿರುತ್ತಾರೆ. ಆದರೂ ಸಿಕ್ಕಿಬಿದ್ದದ್ದೇ ಇಷ್ಟು. ಆ ಸಲ 224ರಲ್ಲಿ 81 ಕ್ಷೇತ್ರಗಳನ್ನು ವೆಚ್ಚದ ದೃಷ್ಟಿಯಿಂದ ಸೂಕ್ಷ್ಮ ಎಂದು ಆಯೋಗ ಮೊದಲೇ ಗುರುತಿಸಿತ್ತು. ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕ್ಷೇತ್ರದಲ್ಲಿ ಹಣ ಹರಿಯುತ್ತದೆ ಎಂದು ಚುನಾವಣೆ ನಡೆಸುವವರೇ ಲಿಖಿತವಾಗಿ ಒಪ್ಪಿದಂತಾಯಿತು. ಮಹದೇವಪುರದ ಆರೋಪಕ್ಕೆ ದಾಖಲೆ ಹುಡುಕಬೇಕು. ಈ ಆರೋಪಕ್ಕೆ ಆಯೋಗವೇ ಸಾಕ್ಷಿ.

ಮಿತಿ ಇರುವುದು ಅಭ್ಯರ್ಥಿಗೆ ಮಾತ್ರ, ಪಕ್ಷಕ್ಕೆ ಇಲ್ಲ. ಇದು ತಾನಾಗಿ ಬಿಟ್ಟುಹೋದದ್ದಲ್ಲ. ಪಕ್ಷ ಅಭ್ಯರ್ಥಿಗಾಗಿ ಮಾಡಿದ ವೆಚ್ಚವೂ ಅಭ್ಯರ್ಥಿಯ ಲೆಕ್ಕಕ್ಕೇ ಸೇರಬೇಕು ಎಂದು 1974ರಲ್ಲಿ ಕನ್ವರ್‌ಲಾಲ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ಸರ್ಕಾರ ಕಾನೂನನ್ನೇ ತಿದ್ದಿ ಆ ತೀರ್ಪನ್ನು ನಿಷ್ಫಲ ಮಾಡಿತು. 2003ರ ತಿದ್ದುಪಡಿ ಆ ಕಿಂಡಿಯನ್ನು ಕಿರಿದು ಮಾಡಿತೇ ಹೊರತು ಮುಚ್ಚಲಿಲ್ಲ. ಇವತ್ತಿಗೂ ತಾರಾ ಪ್ರಚಾರಕರ ಓಡಾಟದ ಖರ್ಚು ಅಭ್ಯರ್ಥಿಯ ಲೆಕ್ಕದಲ್ಲಿಲ್ಲ, ಪಕ್ಷದ ಸಾಮಾನ್ಯ ಪ್ರಚಾರಕ್ಕೆ ಮಿತಿಯೇ ಇಲ್ಲ. ಇನ್ನು ಪಕ್ಷಕ್ಕೆ ಹಣ ಕೊಟ್ಟವರು ಯಾರೆಂದು ತಿಳಿಯದಂತೆ ಮಾಡಿದ ಚುನಾವಣಾ ಬಾಂಡು 2018ರಿಂದ ಚಲಾವಣೆಯಲ್ಲಿತ್ತು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದ ಮೇಲೆ ಹೆಸರುಗಳು ಹೊರಬಂದವು. ಲಾಟರಿ ಕಂಪನಿಯೊಂದು 1,368 ಕೋಟಿಯ ಬಾಂಡು ಕೊಂಡಿತ್ತು ಎಂದು ನಮಗೆ ತಿಳಿದದ್ದು ಆಗ.

ಹಣ ಹಂಚಿದ್ದು ಸಾಬೀತಾದರೆ ಏನಾಗುತ್ತದೆ? ತುಮಕೂರು ಗ್ರಾಮಾಂತರವನ್ನು ನೋಡಿ. 2018ರಲ್ಲಿ ಅಲ್ಲಿ ಮತದಾರರಿಗೆ ನಕಲಿ ವಿಮಾ ಬಾಂಡ್ ಹಂಚಿ ಆಮಿಷ ಒಡ್ಡಲಾಯಿತು ಎಂದು ಸೋತ ಅಭ್ಯರ್ಥಿ ಬಿ. ಸುರೇಶ್ ಗೌಡರು ಹೈಕೋರ್ಟಿಗೆ ಹೋದರು. ಶಾಸಕ ಡಿ.ಸಿ. ಗೌರಿಶಂಕರ್ ಅವರ ಆಯ್ಕೆ ಅಸಿಂಧು ಎಂದು ತೀರ್ಪು ಬಂತು. ಬಂದದ್ದು 2023ರ ಮಾರ್ಚ್ 30ರಂದು. ಮುಂದಿನ ಚುನಾವಣೆಯ ಮತದಾನ ಅದೇ ವರ್ಷ ಮೇ 10ರಂದು. ಆಯ್ಕೆಯೇ ಅಸಿಂಧುವಾದ ಶಾಸಕರು ಬಹುತೇಕ ಪೂರ್ಣ ಅವಧಿ ಮುಗಿಸಿದ್ದರು, ಮುಂದಿನ ಚುನಾವಣೆಗೂ ನಿಂತರು. ಆ ಚುನಾವಣೆಯಲ್ಲಿ ಅವರನ್ನು ಮನೆಗೆ ಕಳಿಸಿದ್ದು ಮತದಾರರು. ಐದು ವರ್ಷಕ್ಕೆ ಬರುವ ನ್ಯಾಯ ಐದು ವರ್ಷದ ಅಧಿಕಾರಕ್ಕೆ ಏನೂ ಮಾಡಲಾರದು.

ಕಾನೂನಿನ ದೊಡ್ಡ ಬಿರುಕು ಇರುವುದು ಇಲ್ಲಿ. ಮತಗಟ್ಟೆ ವಶಪಡಿಸಿಕೊಂಡರೆ ಚುನಾವಣೆ ರದ್ದು ಮಾಡುವ ಅಧಿಕಾರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 58ಎ ಕಲಮಿನಲ್ಲಿ ಸ್ಪಷ್ಟವಾಗಿದೆ. 1989ರಲ್ಲಿ ಸೇರಿಸಿದ್ದು. ಗೂಂಡಾಗಳು ಪೆಟ್ಟಿಗೆ ಕಿತ್ತೊಯ್ಯುತ್ತಿದ್ದ ಕಾಲ ಅದು. ಹಣದಿಂದ ಇಡೀ ಕ್ಷೇತ್ರವನ್ನು ಕೊಂಡರೆ ರದ್ದು ಮಾಡಲು ಅಂಥ ಕಲಮು ಇಲ್ಲ. ಬೇಕು ಎಂದು ಆಯೋಗ ಕೇಳಿತು, ಕೇಂದ್ರ ಒಪ್ಪಲಿಲ್ಲ. ಹಾಗಾಗಿ ಸಂವಿಧಾನದ 324ನೇ ವಿಧಿಯನ್ನೇ ಆಸರೆ ಮಾಡಿಕೊಂಡು ತಮಿಳುನಾಡಿನ ಅರವಕುರಿಚ್ಚಿ, ತಂಜಾವೂರು, ಚೆನ್ನೈನ ಆರ್.ಕೆ. ನಗರದ ಚುನಾವಣೆಗಳನ್ನು ಆಯೋಗ ರದ್ದು ಮಾಡಿತು, 2019ರಲ್ಲಿ ವೆಲ್ಲೂರು ಲೋಕಸಭಾ ಕ್ಷೇತ್ರದ ಚುನಾವಣೆಯನ್ನು ಆಯೋಗದ ಶಿಫಾರಸಿನ ಮೇಲೆ ರಾಷ್ಟ್ರಪತಿ ರದ್ದು ಮಾಡಿದರು. ಕರ್ನಾಟಕದಲ್ಲಿ 375 ಕೋಟಿ ಸಿಕ್ಕಿದರೂ ಒಂದೇ ಒಂದು ಕ್ಷೇತ್ರದ ಮತದಾನ ಆ ಕಾರಣಕ್ಕೆ ನಿಲ್ಲಲಿಲ್ಲ. ಲಂಚ ಕೊಡುವುದೂ ಪಡೆಯುವುದೂ ಅಪರಾಧ, ಒಂದು ವರ್ಷದವರೆಗೆ ಜೈಲು. ಆದರೆ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ಜೇಬುಗಳ್ಳನನ್ನು ಹಿಡಿಯುವಷ್ಟು ಸಲೀಸಾಗಿ ಮತ ಕೊಳ್ಳುವವನನ್ನು ಹಿಡಿಯಲು ಬರುವುದಿಲ್ಲ.

ನಮ್ಮೂರಿನವರಾಗಿ ಇನ್ನೊಂದು ಮಾತು ಹೇಳಬೇಕು. ದೇಶದ ಮತದಾರರ ಬೆರಳಿಗೆ ಹಚ್ಚುವ ಶಾಯಿ ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಶುರುವಾದ ಬಣ್ಣದ ಕಾರ್ಖಾನೆ 1962ರಿಂದ ಅದನ್ನು ತಯಾರಿಸುತ್ತಿದೆ. ಒಬ್ಬ ಎರಡು ಸಲ ಮತ ಹಾಕುವುದನ್ನು ಆ ಒಂದು ಗೆರೆ ಅರವತ್ತು ವರ್ಷದಿಂದ ತಡೆಯುತ್ತಾ ಬಂದಿದೆ. ಮತಯಂತ್ರದ ಜೊತೆ ಹಾಕಿದ ಮತವನ್ನು ತೋರಿಸುವ ವಿವಿಪ್ಯಾಟ್ ಚೀಟಿ ಬಂತು, ಪ್ರತಿ ವಿಧಾನಸಭಾ ಕ್ಷೇತ್ರದ ಐದು ಮತಗಟ್ಟೆಗಳಲ್ಲಿ ಚೀಟಿಯನ್ನೂ ಯಂತ್ರದ ಎಣಿಕೆಯನ್ನೂ ತಾಳೆ ನೋಡುತ್ತಾರೆ. ಮೋಸ ತಡೆಯಲು ನಾವು ಇಷ್ಟೆಲ್ಲ ಕಟ್ಟಿದ್ದೇವೆ. ಕವರು ತಡೆಯಲು ಕಟ್ಟಿದ್ದು ಚೆಕ್‌ಪೋಸ್ಟು, ಕಾರಿನ ಡಿಕ್ಕಿ ತೆರೆದು ನೋಡುವ ನಾಲ್ಕು ಜನ ಸಿಬ್ಬಂದಿ.

"ದುಡ್ಡು ಎಲ್ಲರೂ ಕೊಡ್ತಾರೆ, ತಗೊಂಡು ನಮಗೆ ಬೇಕಾದವರಿಗೆ ಹಾಕ್ತೀವಿ" ಎಂದು ಮೇಷ್ಟ್ರ ಮನೆಯಲ್ಲಿ ಕಾಫಿ ಕುಡಿಯುವಾಗ ಒಬ್ಬರು ಹೇಳಿದರು. ಅದರಲ್ಲಿ ನಿಜವಿದೆ. ಹೆಚ್ಚು ಸುರಿದವರೂ ಸೋತಿದ್ದಾರೆ. ಹಾಗಾದರೆ ಹಣ ಏನನ್ನೂ ತೀರ್ಮಾನಿಸುವುದಿಲ್ಲವೇ? ತೀರ್ಮಾನಿಸುತ್ತದೆ, ಮತದಾನಕ್ಕಿಂತ ಬಹಳ ಮುಂಚೆ. ಯಾರು ನಿಲ್ಲಬಹುದು ಎಂಬುದನ್ನು ಅದು ಮುಗಿಸಿಬಿಟ್ಟಿರುತ್ತದೆ. 2023ರಲ್ಲಿ ಗೆದ್ದ ನಮ್ಮ ಶಾಸಕರಲ್ಲಿ ಶೇ 97ರಷ್ಟು ಮಂದಿ ಕೋಟ್ಯಧಿಪತಿಗಳು ಎಂದು ಅವರದೇ ಪ್ರಮಾಣಪತ್ರಗಳನ್ನು ಓದಿದ ಎಡಿಆರ್ ಸಂಸ್ಥೆ ಲೆಕ್ಕ ಕೊಟ್ಟಿದೆ. ಸರಾಸರಿ ಆಸ್ತಿ 64 ಕೋಟಿಗೂ ಹೆಚ್ಚು. ಈ ರಾಜ್ಯದಲ್ಲಿ ಶೇ 97 ಜನ ಕೋಟ್ಯಧಿಪತಿಗಳೇ? ಮೇಷ್ಟ್ರ ಮೊಮ್ಮಗಳು ರಾಜ್ಯಶಾಸ್ತ್ರ ಓದುತ್ತಿದ್ದಾಳೆ. ಚರಂಡಿ, ನೀರು, ಬೀದಿದೀಪದ ಬಗ್ಗೆ ನನಗಿಂತ ಚೆನ್ನಾಗಿ ಮಾತಾಡುತ್ತಾಳೆ. ಅವಳನ್ನು, "ನೀನು ವಾರ್ಡಿಗೆ ನಿಲ್ಲಬಹುದಲ್ಲ" ಎಂದೆ. "ಅಂಕಲ್, ಸೈಟ್ ಮಾರಬೇಕಾಗುತ್ತೆ" ಎಂದಳು. ತಕ್ಷಣ ಬಂದ ಉತ್ತರ ಅದು, ಯೋಚಿಸಲೂ ಇಲ್ಲ. ಇಪ್ಪತ್ತು ವರ್ಷದ ಹುಡುಗಿಗೆ ಇಷ್ಟು ಖಚಿತವಾಗಿ ಗೊತ್ತಿರುವ ಸತ್ಯವನ್ನು ಯಾವ ಪತ್ರಿಕಾಗೋಷ್ಠಿಯಲ್ಲೂ ಯಾರೂ ತೆರೆಗೆ ಹಾಕಿ ತೋರಿಸಲಿಲ್ಲ.

ತೋರಿಸುವುದೂ ಇಲ್ಲ. ಕಳ್ಳಮತವಾದರೆ ಸೋತವನು ಗೆದ್ದವನ ಮೇಲೆ ಬೆರಳು ತೋರಿಸಬಹುದು. ಕವರಿನ ವಿಷಯದಲ್ಲಿ ಬೆರಳು ತೋರಿಸುವ ಕೈಯಲ್ಲೂ ಅದೇ ಕವರಿನ ಕಟ್ಟು. ಹಾಗಾಗಿ ಒಂದು ಆರೋಪಕ್ಕೆ ಫಿರ್ಯಾದುದಾರರು ಸಿಗುತ್ತಾರೆ, ಇನ್ನೊಂದಕ್ಕೆ ಸಿಗುವುದಿಲ್ಲ. ಪಟ್ಟಿಯ ಕಳ್ಳತನ ನಿಜ, ಆಳಂದ ಅದಕ್ಕೆ ಸಾಕ್ಷಿ, ಅದನ್ನು ಮಾಡಿಸಿದವರು ಜೈಲಿಗೆ ಹೋಗಬೇಕು. ಆದರೆ ಅದು ಕೆಲವು ಕ್ಷೇತ್ರಗಳ ಫಲಿತಾಂಶವನ್ನು ಬದಲಿಸಬಹುದಾದ ರೋಗ. ಹಣ 224 ಕ್ಷೇತ್ರಗಳಲ್ಲೂ ಅಭ್ಯರ್ಥಿಗಳನ್ನು ಆರಿಸುತ್ತಿದೆ. ತಕ್ಕಡಿ ನನ್ನ ಕೈಯಲ್ಲಿ ಕೊಟ್ಟರೆ ತೂಗುವುದು ಹಣದ ತಟ್ಟೆಯೇ.

ಇದೆಲ್ಲ ಆಗದ ಮಾತು ಎನ್ನುವವರಿಗೆ ಶಾಂತವೇರಿ ಗೋಪಾಲಗೌಡರನ್ನು ನೆನಪಿಸುತ್ತೇನೆ. 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಲ್ಲಿ ಈ ಸಮಾಜವಾದಿ ಜನರ ಬಳಿ ಹೋಗಿ ವೋಟಿನ ಜೊತೆ ನೋಟನ್ನೂ ಕೇಳಿದರು, ಜನ ಎರಡನ್ನೂ ಕೊಟ್ಟು ಗೆಲ್ಲಿಸಿದರು. ನೋಟು ಮತದಾರನಿಂದ ಅಭ್ಯರ್ಥಿಗೆ ಹೋದ ಕಾಲವೂ ಈ ನೆಲದಲ್ಲೇ ಇತ್ತು.

ಈಗ ನಮ್ಮ ಸರದಿ. ಮೈಸೂರು ಮಹಾನಗರಪಾಲಿಕೆಯ ಚುನಾಯಿತ ಕೌನ್ಸಿಲ್ಲಿನ ಅವಧಿ 2023ರ ನವೆಂಬರಿನಲ್ಲಿ ಮುಗಿಯಿತು, ಆಮೇಲೆ ಅಧಿಕಾರಿಗಳದ್ದೇ ಆಡಳಿತ. ಶ್ರೀರಾಂಪುರ 2020ರಲ್ಲಿ ಪಟ್ಟಣ ಪಂಚಾಯಿತಿಯಾಯಿತು, ಬೋಗಾದಿ, ರಮ್ಮನಹಳ್ಳಿ, ಕಡಕೊಳದ ಜೊತೆಗೆ. ಬೃಹತ್ ಮೈಸೂರಿನ ಯೋಜನೆ ಬಂದಿದೆ. ವಾರ್ಡು ಹೊಸದಾಗಿ ಆಗಬೇಕು, ಪಟ್ಟಿ ಹೊಸದಾಗಿ ಆಗಬೇಕು. ಸ್ಥಳೀಯ ಚುನಾವಣೆಗೆ ಮತಪತ್ರವೇ ಬೇಕೆಂದು 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಶಿಫಾರಸು ಮಾಡಿದೆ. ಯಂತ್ರವೋ ಕಾಗದವೋ, ಕವರಿಗೆ ಎರಡೂ ಒಂದೇ. ವಾರ್ಡಿನ ಚುನಾವಣೆಯಲ್ಲಿ ನೂರು ಮತದ ಅಂತರ ದೊಡ್ಡದು, ಆದ್ದರಿಂದ ಪಟ್ಟಿಯ ತಪ್ಪೂ ಇಲ್ಲಿ ಹೆಚ್ಚು ನೋಯಿಸುತ್ತದೆ, ಕವರಿನ ಬೆಲೆಯೂ ಇಲ್ಲಿ ಏರುತ್ತದೆ.

ನಿಮ್ಮ ಮತಗಟ್ಟೆಯ ಪಟ್ಟಿಯನ್ನು ಈ ವಾರವೇ ತೆಗೆದು ನೋಡಿ. ತೀರಿಕೊಂಡ ಹಿರಿಯರ ಹೆಸರಿಗೆ ನಮೂನೆ 7 ತುಂಬಿ ಕೊಡಿ, ಮನೆ ಬದಲಿಸಿದ್ದರೆ ನಮೂನೆ 8. ನಿಮ್ಮ ಹೆಸರು ತೆಗೆಯಲು ಯಾರಾದರೂ ಅರ್ಜಿ ಹಾಕಿದ್ದಾರೆಯೇ ಎಂದು ಮತಗಟ್ಟೆ ಅಧಿಕಾರಿಯನ್ನು ಕೇಳಿ, ಕೇಳುವ ಹಕ್ಕು ನಿಮಗಿದೆ. 1950 ಸಂಖ್ಯೆಗೆ ಫೋನು ಮಾಡಿದರೂ ವಿಚಾರಿಸಬಹುದು. ರಾತ್ರಿ ಹೊತ್ತು ಪಟ್ಟಿ ಹಿಡಿದು ಟಿಕ್ ಹಾಕುತ್ತಾ ಬರುವವರಿಗೆ ಬಾಗಿಲಲ್ಲೇ, ನಮ್ಮ ಮನೆಯಲ್ಲಿ ಮತ ಇದೆ, ಮಾರುವುದು ಇಲ್ಲ ಎಂದು ಹೇಳಿ ಕಳಿಸಿ. ಮೂಲೆ ಮನೆಯ ಅಕ್ಕ ನಾವು ಹೊರಡುವಾಗ ಹಿಂದಿನಿಂದ ಕೂಗಿ ಕರೆದು, ಮಗನ ಹೆಸರಿನ ಕಾಗುಣಿತ ತಪ್ಪಿದೆ, ಸರಿ ಮಾಡಿಸಿಕೊಡಿ ಎಂದರು. ನಮೂನೆ 8 ತುಂಬಿ ಕೊಟ್ಟಿದ್ದೇವೆ.